ವೀರರ ಮುಖಗಳನ್ನು ಉಳಿಸಿದ ಸೈನಿಕ

ನಾಡಿನ ಬಿಡುಗಡೆಗಾಗಿ ಹೋರಾಡಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿಯುತ್ತವೆ. ಅವರ ಮುಖಗಳು ಉಳಿಯುವುದು ಅಪೂರ್ವ. ಗ್ರೀಸ್ ದೇಶದ ಸ್ವಾತಂತ್ರ್ಯವೀರರಲ್ಲಿ ಹಲವರ ನಿಜರೂಪವನ್ನು ಇಂದು ನಾವು ಕಾಣಬಹುದಾಗಿದ್ದರೆ, ಅದಕ್ಕೆ ಕಾರಣನಾದವನು ಕಾರ್ಲ್ ಕ್ರಾಟ್ಸೈಜನ್ ಎಂಬ ಜರ್ಮನ್ ಸೈನಿಕ.

ಕ್ರಾಟ್ಸೈಜನ್ 1794ರಲ್ಲಿ ಜರ್ಮನಿಯ ಕಾಸ್ಟೆಲ್ಲೌನ್ ಎಂಬ ಊರಿನಲ್ಲಿ ಜನಿಸಿದನು. ಬೆಳೆದು ಬವೇರಿಯ ರಾಜ್ಯದ ಸೇನೆಯಲ್ಲಿ ಅಧಿಕಾರಿಯಾದನು. ವೃತ್ತಿಯಿಂದ ಯೋಧನಾದರೂ ಅವನಿಗೆ ಚಿತ್ರಕಲೆಯಲ್ಲಿ ಒಳ್ಳೆಯ ಪರಿಶ್ರಮವಿದ್ದಿತು.

ಶತಮಾನಗಳ ಕಾಲ ತುರ್ಕರ ಆಳ್ವಿಕೆಯಲ್ಲಿದ್ದ ಗ್ರೀಕರು 1821ರಲ್ಲಿ ದಂಗೆಯೆದ್ದರು. ಯೂರೋಪಿನ ಅನೇಕ ತರುಣರು ಅವರ ನೆರವಿಗೆ ಧಾವಿಸಿದರು. 1826ರಲ್ಲಿ ಹೈಡೆಕ್ ಎಂಬ ಸೇನಾನಿಯೊಡನೆ ಹೊರಟ ಬವೇರಿಯದ ತಂಡದಲ್ಲಿ ಕ್ರಾಟ್ಸೈಜನ್ ಕೂಡ ಇದ್ದನು. ಆ ವೇಳೆಗೆ ಮಿಸ್ಸೊಲಾಂಗಿ ನಗರವು ಶತ್ರುಗಳ ವಶವಾಗಿದ್ದಿತು. ಅಥೆನ್ಸಿನ ಆಕ್ರೊಪೊಲಿಸ್ ಕೋಟೆಯು ಮುತ್ತಿಗೆಗೆ ಸಿಕ್ಕಿದ್ದಿತು. ಆ ಕೋಟೆಯನ್ನು ಬಿಡಿಸಲೆಂದು ನಡೆದ ಕಾಳಗಗಳಲ್ಲಿ ಅವನು ಭಾಗವಹಿಸಿದನು.

ಯುದ್ಧದ ಬಿಡುವಿನಲ್ಲಿ ಕ್ರಾಟ್ಸೈಜನ್ ಪೆನ್ಸಿಲನ್ನು ಹಿಡಿಯುತ್ತಿದ್ದನು. ಛಾಯಾಚಿತ್ರ ಕಲೆಯು ಇನ್ನೂ ಬಳಕೆಗೆ ಬಾರದ ಕಾಲವದು. ವೀರರನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದನ್ನು ಕಂಡಂತೆ ಅವನು ಬರೆದನು. ಕಣಿವೆಯಲ್ಲಿ ತುರ್ಕರ ದೊಡ್ಡ ಸೇನೆಯನ್ನು ಮುರಿದ ಕೊಲೊಕೊಟ್ರೋನಿಸ್, ಅವನ ಸೋದರಳಿಯ ನಿಕಿಟಾರಾಸ್, ಬೆಂಕಿಹಡಗಿನಿಂದ ಶತ್ರುವಿನ ಮುಖ್ಯ ನೌಕೆಯನ್ನು ಸುಟ್ಟ ಕನಾರಿಸ್, ನೌಕಾಪತಿ ಮಿಯಾವುಲಿಸ್ ಮೊದಲಾದವರು ಅವನ ಹಾಳೆಗಳಲ್ಲಿ ಮೂಡಿದರು. ಚಿತ್ರದ ಕೆಳಗೆ ಆಯಾ ವೀರನಿಂದಲೇ ಸಹಿ ಹಾಕಿಸುವುದು ಅವನ ಪದ್ಧತಿ. ಚಿತ್ರವು ಕಲ್ಪನೆಯದಲ್ಲ, ನಿಜವಾದುದು ಎಂಬುದಕ್ಕೆ ಆ ಸಹಿಯೇ ಸಾಕ್ಷಿ. ಅವನು ಚಿತ್ರಿಸಿದ ಕರಾಯಿಸ್ಕಾಕಿಸ್ ಎಂಬ ದಳಪತಿಯು 1827ರ ವಸಂತದಲ್ಲಿ ಅಥೆನ್ಸಿನ ಬಳಿ ಗುಂಡೇಟಿನಿಂದ ಮಡಿದನು. ಕೆಲವು ತಿಂಗಳು ತಡವಾಗಿದ್ದರೆ ಆ ಮುಖವು ಕ್ರಾಟ್ಸೈಜನ್ನನ ಕೈಗೆ ಸಿಕ್ಕುತ್ತಿರಲಿಲ್ಲ.

1827ರಲ್ಲಿ ಸ್ವದೇಶಕ್ಕೆ ಮರಳಿದ ಕ್ರಾಟ್ಸೈಜನ್ ಈ ಚಿತ್ರಗಳನ್ನು ಮ್ಯೂನಿಕ್ ನಗರದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಲು ಮುಂದಾದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಮಸಿಯನ್ನು ಉರುಳಿಸುತ್ತಾರೆ. ಮಸಿಯು ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುತ್ತದೆ. ಹೀಗೆ ಒಂದು ಚಿತ್ರಕ್ಕೆ ಅನೇಕ ಪ್ರತಿಗಳು ದೊರೆಯುತ್ತವೆ. ಈ ಕಲೆಯು ಹುಟ್ಟಿದ್ದೂ ಮ್ಯೂನಿಕ್ಕಿನಲ್ಲಿಯೇ. 1828ರಿಂದ 1831ರವರೆಗೆ ವೀರರ ಸಹಿಗಳ ಸಮೇತ ಚಿತ್ರಗಳು ಕಂತುಕಂತಾಗಿ ಹೊರಬಂದವು. ಅಲ್ಲಿಯವರೆಗೆ ಕೇವಲ ಹೆಸರುಗಳಾಗಿದ್ದವರು ದೂರದ ಜನರಿಗೂ ಪರಿಚಿತ ಮನುಷ್ಯರಾದರು.

1830ರಲ್ಲಿ ಗ್ರೀಸಿನ ಸ್ವಾತಂತ್ರ್ಯಕ್ಕೆ ಮಾನ್ಯತೆ ದೊರೆಯಿತು. ಆದರೆ ವೀರರಿಗೆಲ್ಲ ಸುಖ ದೊರೆಯಲಿಲ್ಲ. ಬವೇರಿಯದ ರಾಜಕುಮಾರನೇ ಗ್ರೀಸಿನ ದೊರೆಯಾದ ಬಳಿಕ, 1834ರಲ್ಲಿ ಕೊಲೊಕೊಟ್ರೋನಿಸನಿಗೆ ಮರಣದಂಡನೆ ವಿಧಿಸಲಾಯಿತು. ಮರುವರ್ಷ ಕ್ಷಮೆ ದೊರೆಯಿತು. ನಿಕಿಟಾರಾಸನು ದೃಷ್ಟಿ ಕಳೆದುಕೊಂಡು, ಬಡತನದಲ್ಲಿ 1849ರಲ್ಲಿ ತೀರಿಕೊಂಡನು. ನಾಡು ಅವರನ್ನು ಮರೆತ ದಿನಗಳಲ್ಲಿಯೂ ಅಚ್ಚಿನ ಹಾಳೆಗಳು ಅವರ ತೇಜಸ್ಸನ್ನು ಮರೆಯಲಿಲ್ಲ.

ಕ್ರಾಟ್ಸೈಜನ್ ಸೇನೆಯಲ್ಲಿ ಉನ್ನತ ಪದವಿಗೇರಿ, 1878ರಲ್ಲಿ ಮ್ಯೂನಿಕ್ಕಿನಲ್ಲಿ ನಿಧನನಾದನು. ಅವನ ಮೂಲಚಿತ್ರಗಳನ್ನು 1926ರಲ್ಲಿ ಅಥೆನ್ಸಿನ ರಾಷ್ಟ್ರೀಯ ಕಲಾಶಾಲೆಯು ಪಡೆದುಕೊಂಡಿತು. ಖಡ್ಗ ಹಿಡಿದು ಬಂದ ಆ ಪರದೇಶಿಯು ಗ್ರೀಸಿಗೆ ಮಾಡಿದ ಚಿರಕಾಲದ ಸೇವೆಯು ಅವನ ಪೆನ್ಸಿಲಿನಿಂದಲೇ ನಡೆಯಿತು. ಸತ್ಯವನ್ನು ಕಂಡಂತೆ ದಾಖಲಿಸುವವನೂ ನಾಡು ಕಟ್ಟುವವರಲ್ಲಿ ಒಬ್ಬನು.