ಕೊಳೆತ ಮರದ ಲೋಳೆಯಲ್ಲಿ ಕಾಡಿನ ಗುಟ್ಟು ಕಂಡವರು: ಜೈಲಿಗೂ ಹೋಗಿದ್ದ ಜಪಾನಿನ ಮಿನಕಾತಾ ಕುಮಗುಸು ಯಾರು?

ಮಳೆಗಾಲದಲ್ಲಿ ಕೊಳೆತ ದಿಮ್ಮಿಯ ಮೇಲೆ ಹಳದಿ ಲೋಳೆಯೊಂದು ಬಲೆಯಂತೆ ಹರಡಿರುವುದನ್ನು ನೀವೂ ನೋಡಿರಬಹುದು. ಅಣಬೆಯ ಜಾತಿ ಇರಬೇಕು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಆದರೆ ಇದು ಅಣಬೆಯಲ್ಲ, ಗಿಡವಲ್ಲ, ಪ್ರಾಣಿಯೂ ಅಲ್ಲ. ಅಮೀಬಾಗಳ ಬಳಗಕ್ಕೆ ಸೇರಿದ ಇದರ ಹೆಸರು ಸ್ಲೈಮ್ ಮೋಲ್ಡ್. ಜೀವಮಾನವಿಡೀ ಇದರ ಬೆನ್ನು ಹತ್ತಿದ್ದ ಜಪಾನಿನ ಮಿನಕಾತಾ ಕುಮಗುಸು, ಇದರ ಮನೆಯಾದ ಕಾಡನ್ನು ಉಳಿಸಲು ಸರ್ಕಾರವನ್ನೇ ಎದುರು ಹಾಕಿಕೊಂಡರು.

ಡಿಗ್ರಿ ಇಲ್ಲ, ಆದರೂ 'ನೇಚರ್'ನಲ್ಲಿ 51 ಬರಹ

ಕುಮಗುಸು ಹುಟ್ಟಿದ್ದು 1867ರಲ್ಲಿ, ವಾಕಯಾಮದ ವ್ಯಾಪಾರಿ ಕುಟುಂಬದಲ್ಲಿ. ಬಾಲ್ಯದಲ್ಲೇ ಅಪಾರ ಓದಿನ ಹುಚ್ಚು. 105 ಸಂಪುಟಗಳ ವಿಶ್ವಕೋಶವನ್ನು ಎರವಲು ತಂದು ಕೈಯಲ್ಲೇ ಪ್ರತಿ ಮಾಡಿಕೊಂಡ ಹುಡುಗ, ಟೋಕಿಯೊದ ಕಾಲೇಜಿನ ಪರೀಕ್ಷೆಯಲ್ಲಿ ಮಾತ್ರ ಫೇಲಾದರು. 1886ರಲ್ಲಿ ಓದು ಬಿಟ್ಟು ಅಮೆರಿಕದ ಹಡಗು ಹತ್ತಿದರು.

ಅಲ್ಲಿಯೂ ಪದವಿ ಪಡೆಯಲಿಲ್ಲ. ಫ್ಲೋರಿಡಾ, ಕ್ಯೂಬಾಗಳಲ್ಲಿ ಅಲೆದು ಗಿಡ, ಅಣಬೆ, ಕಲ್ಲುಹೂ ಸಂಗ್ರಹಿಸಿದರು. 1892ರಲ್ಲಿ ಲಂಡನ್ ಸೇರಿದರು. ಮರುವರ್ಷವೇ ಪೂರ್ವ ದೇಶಗಳ ನಕ್ಷತ್ರಪುಂಜಗಳ ಕುರಿತ ಅವರ ಬರಹ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆಯಲ್ಲಿ ಅವರು ಒಟ್ಟು 51 ಬರಹಗಳನ್ನು ಪ್ರಕಟಿಸಿದರು. ಜ್ಞಾನದಷ್ಟೇ ಸಿಟ್ಟೂ ಜೋರು. ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ಒಬ್ಬರಿಗೆ ಹೊಡೆದರು. ಕೊನೆಗೆ ಅಲ್ಲಿಗೆ ಪ್ರವೇಶವೇ ಇಲ್ಲದಂತಾಯಿತು. 1900ರಲ್ಲಿ ಕೈಯಲ್ಲಿ ಹಣವಿಲ್ಲದೆ ತಾಯ್ನಾಡಿಗೆ ಮರಳಿದರು.

ಕಾಡು ಮುಟ್ಟದಿದ್ದರೇ ಇದರ ಬದುಕು

ಊರಿಗೆ ಬಂದವರು ನಾಚಿ ಬೆಟ್ಟದ ಕಾಡು ಸುತ್ತಿದರು. 1904ರಲ್ಲಿ ತನಾಬೆ ಎಂಬ ಕಡಲ ತೀರದ ಊರಿನಲ್ಲಿ ನೆಲೆಸಿದರು. ಸ್ಲೈಮ್ ಮೋಲ್ಡ್ ಸಂಗ್ರಹವೇ ಅವರ ಮುಖ್ಯ ಕೆಲಸವಾಯಿತು.

ಈ ಜೀವಿಯ ಬದುಕೇ ವಿಚಿತ್ರ. ಒಂದೇ ಕೋಶ, ಆದರೆ ಅದರೊಳಗೆ ಸಾವಿರಾರು ಕೋಶಕೇಂದ್ರಗಳು. ನಿಧಾನವಾಗಿ ತೆವಳುತ್ತಾ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ನುಂಗುತ್ತದೆ. ಆಹಾರ ಮುಗಿದಾಗ ಸಣ್ಣ ಸಣ್ಣ ಕಡ್ಡಿಗಳಂತೆ ಎದ್ದು ನಿಂತು, ಧೂಳಿನಂಥ ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ಬ್ಯಾಕ್ಟೀರಿಯಾಗಳನ್ನು ತಿಂದು, ಅವುಗಳಲ್ಲಿ ಸೇರಿಕೊಂಡ ಪೋಷಕಾಂಶ ಮಣ್ಣಿಗೆ ಮರಳಲು ನೆರವಾಗುತ್ತದೆ. ಇದರ ಹಲವು ಜಾತಿಗಳಿಗೆ ಬೇಕಿರುವುದು ತೇವ, ನೆರಳು, ಉದುರಿದ ಎಲೆ ಮತ್ತು ಬಿದ್ದಲ್ಲೇ ಕೊಳೆಯುವ ಮರ. ಅಂದರೆ ಯಾರೂ ಗುಡಿಸದ, ಕಡಿಯದ ಹಳೆಯ ಕಾಡು.

ಜಪಾನಿನಲ್ಲಿ ಅಂಥ ಕಾಡು ಉಳಿದಿದ್ದು ಬಹುಮಟ್ಟಿಗೆ ಊರ ದೇವಸ್ಥಾನಗಳ ಸುತ್ತಲಿನ ದೇವರಕಾಡುಗಳಲ್ಲಿ.

18 ದಿನ ಸೆರೆಮನೆ

1906ರಲ್ಲಿ ಸರ್ಕಾರ ಹೊಸ ನೀತಿ ತಂದಿತು. ಸಣ್ಣ ಶಿಂಟೋ ದೇವಸ್ಥಾನಗಳನ್ನು ಮುಚ್ಚಿ ದೊಡ್ಡದರಲ್ಲಿ ವಿಲೀನ ಮಾಡಬೇಕು ಎಂಬುದು ಅದರ ತಿರುಳು. ಮುಚ್ಚಿದ ದೇವಸ್ಥಾನಗಳ ಜಾಗ, ಮರ ಮಾರಾಟಕ್ಕೆ ಬಂದವು. ಕೆಲವೇ ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 70 ಸಾವಿರ ದೇವಸ್ಥಾನಗಳು ಇಲ್ಲವಾದವು. ವಾಕಯಾಮ ಪ್ರಾಂತ್ಯಕ್ಕೆ ಬಿದ್ದ ಪೆಟ್ಟು ಇನ್ನೂ ದೊಡ್ಡದು.

ಕುಮಗುಸು ಸುಮ್ಮನಿರಲಿಲ್ಲ. ಸ್ಥಳೀಯ ಪತ್ರಿಕೆಗಳಲ್ಲಿ ಬರೆದರು, ಅಧಿಕಾರಿಗಳಿಗೆ ಪತ್ರ ಹಾಕಿದರು. 1910ರ ಆಗಸ್ಟ್‌ನಲ್ಲಿ ಕುಡಿದ ಅಮಲಿನಲ್ಲೇ, ವಿಲೀನದ ಪರವಿದ್ದ ಅಧಿಕಾರಿಯನ್ನು ಹುಡುಕಿಕೊಂಡು ಸಭೆಯೊಂದಕ್ಕೆ ನುಗ್ಗಿ ಕೈಚೀಲ ಎಸೆದು ಗಲಾಟೆ ಮಾಡಿದರು. 18 ದಿನ ಸೆರೆಮನೆ ವಾಸವಾಯಿತು. ಅಲ್ಲಿಯೂ ಅವರಿಗೆ ಸ್ಲೈಮ್ ಮೋಲ್ಡ್ ಸಿಕ್ಕಿತು ಎನ್ನಲಾಗುತ್ತದೆ.

ಅವರ ವಾದ ಸ್ಪಷ್ಟವಾಗಿತ್ತು. ಮರ ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಬೆಳೆಗೆ ಹುಳುಕಾಟ. ತೀರದ ನೆರಳು ಹೋದರೆ ಮೀನು ಬರುವುದಿಲ್ಲ. ಜೊತೆಗೆ ಊರಿನ ಜನರನ್ನು ಒಂದಾಗಿಸಿದ್ದ ನಂಟೂ ಕಡಿದುಹೋಗುತ್ತದೆ. 1911ರ ಪತ್ರದಲ್ಲೇ ಅವರು ಇಕಾಲಜಿ ಎಂಬ ಪದ ಬಳಸಿದ್ದರು. ಜಪಾನಿನಲ್ಲಿ ಆ ಪದ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಅದೇ ವರ್ಷ ಅವರ ಎರಡು ದೀರ್ಘ ಪತ್ರಗಳನ್ನು ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ಅಚ್ಚು ಹಾಕಿಸಿ ಗಣ್ಯರಿಗೆ ಹಂಚಿದರು.

ಕ್ಯಾರಮೆಲ್ ಡಬ್ಬಿಯಲ್ಲಿ ಚಕ್ರವರ್ತಿಗೆ ಕಾಣಿಕೆ

ಹೋರಾಟ ಪೂರ್ತಿ ಗೆಲ್ಲಲಿಲ್ಲ ಎಂಬುದೂ ನಿಜ. ವಿಲೀನದ ಭರಾಟೆ ತಗ್ಗುವಷ್ಟರಲ್ಲಿ ಸಾವಿರಾರು ಕಾಡುಗಳು ಕೊಡಲಿಗೆ ಬಲಿಯಾಗಿದ್ದವು. ಆದರೆ ತನಾಬೆ ಕೊಲ್ಲಿಯ ಕಶಿಮಾ ಎಂಬ ಪುಟ್ಟ ದ್ವೀಪದ ಕಾಡು ಉಳಿಯಿತು.

ಈ ನಡುವೆ 1917ರಲ್ಲಿ ತಮ್ಮ ಮನೆಯಂಗಳದ ಪರ್ಸಿಮನ್ ಹಣ್ಣಿನ ಮರದ ಮೇಲೆ ಅವರಿಗೆ ಹೊಸ ಸ್ಲೈಮ್ ಮೋಲ್ಡ್ ಸಿಕ್ಕಿತು. 1921ರಲ್ಲಿ ಬ್ರಿಟನ್ನಿನ ತಜ್ಞೆ ಗುಲಿಯೆಲ್ಮಾ ಲಿಸ್ಟರ್ ಅದಕ್ಕೆ ಮಿನಕಾಟೆಲ್ಲಾ ಎಂದು ಅವರದೇ ಹೆಸರಿಟ್ಟರು.

1929ರ ಜೂನ್ 1ರಂದು, ಸ್ವತಃ ಜೀವಶಾಸ್ತ್ರದಲ್ಲಿ ಆಸಕ್ತಿಯಿದ್ದ ಚಕ್ರವರ್ತಿ ಹಿರೋಹಿಟೊ ಕಶಿಮಾಕ್ಕೆ ಬಂದರು. ಕುಮಗುಸು ಯುದ್ಧನೌಕೆಯಲ್ಲಿ ಅವರಿಗೆ ಸ್ಲೈಮ್ ಮೋಲ್ಡ್ ಬಗ್ಗೆ ಪಾಠ ಹೇಳಿ, 110 ಮಾದರಿಗಳನ್ನು ಕೊಟ್ಟರು. ಅವನ್ನು ತುಂಬಿಸಿದ್ದು ಕ್ಯಾರಮೆಲ್ ಮಿಠಾಯಿಯ ಡಬ್ಬಿಗಳಲ್ಲಿ! 1935ರಲ್ಲಿ ಆ ದ್ವೀಪ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವಾಯಿತು.

1941ರ ಡಿಸೆಂಬರ್ 29ರಂದು ಕುಮಗುಸು ತೀರಿಕೊಂಡರು. 1962ರಲ್ಲಿ ಮತ್ತೆ ಆ ಕಡೆ ಬಂದ ಚಕ್ರವರ್ತಿ, ಮಳೆಯಲ್ಲಿ ಕಂಡ ಕಶಿಮಾವನ್ನು ನೋಡಿ ಅವರನ್ನು ಹೆಸರಿಸಿಯೇ ಕವಿತೆ ಬರೆದರು. ದೊಡ್ಡ ಮರಗಳನ್ನು ಉಳಿಸಿ ಎನ್ನುವವರು ಅನೇಕರಿದ್ದಾರೆ. ಕೊಳೆಯುತ್ತಾ ಬಿದ್ದ ಮರವೂ ಕಾಡಿನ ಜೀವವೇ ಎಂಬುದನ್ನು ಕುಮಗುಸು ಒಂದು ಶತಮಾನಕ್ಕೂ ಹಿಂದೆಯೇ ಅರಿತಿದ್ದರು.