ಡೇವಿಯ ದೀಪ

ವಿಜ್ಞಾನಿಗಳ ಪೈಕಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವನು ಸರ್ ಹಂಫ್ರಿ ಡೇವಿ. ಅವನು 1778ರಲ್ಲಿ ಇಂಗ್ಲೆಂಡಿನ ಪೆಂಜಾನ್ಸಿನಲ್ಲಿ ಜನಿಸಿದನು. 1812ರಲ್ಲಿ ಫೆಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಅನಿಲ ಸ್ಫೋಟಿಸಿ 92 ಮಂದಿ ಮಡಿದರು. 1815ರಲ್ಲಿ ಡೇವಿ ದೀಪದ ಜ್ವಾಲೆಯ ಸುತ್ತ ಸೂಕ್ಷ್ಮವಾದ ತಂತಿಬಲೆಯನ್ನು ಹೊದಿಸಿದನು. ಬಲೆಯು ಶಾಖವನ್ನು ಹೀರುವುದರಿಂದ ಉರಿ ಹೊರಗಿನ ಅನಿಲಕ್ಕೆ ತಾಗದು. ಪೇಟೆಂಟಿನ ಹಣವನ್ನು ಅವನು ಬಯಸಲಿಲ್ಲ. ಆದರೂ ಗಣಿಗಾರರು ಮಂದ ಬೆಳಕಿಗೆ ಗೊಣಗಿದರು. ಟೈನ್ ತೀರದ ಅನೇಕರು ತಮ್ಮವನೇ ಆದ ಜಾರ್ಜ್ ಸ್ಟೀಫನ್‌ಸನ್ನನ ದೀಪವನ್ನು ನೆಚ್ಚಿದರು. ದೀಪವಿದೆಯೆಂಬ ಧೈರ್ಯದಿಂದ ಒಡೆಯರು ಅಪಾಯದ ಸ್ತರಗಳನ್ನೂ ಅಗೆಸಿದರು, ಸಾವು ನಿಲ್ಲಲಿಲ್ಲ. ಡೇವಿ 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡನು. ಈ ಚರಿತ್ರೆಯಿಂದ ನಾನು ಅರಿತದ್ದಿಷ್ಟು: ಹೊಸ ಸಾಧನವನ್ನು ಪ್ರಯೋಗಶಾಲೆ ಒಪ್ಪಿದರೆ ಸಾಲದು, ಅದನ್ನು ಹಿಡಿದು ಕತ್ತಲೆಗಿಳಿಯುವವನ ವಿಶ್ವಾಸವನ್ನು ಗಳಿಸಬೇಕು, ಗಳಿಸಿದ ವಿಶ್ವಾಸಕ್ಕೆ ಒಡೆಯನು ದ್ರೋಹ ಬಗೆಯಬಾರದು.