ತಬ್ಬಲಿ ಹುಡುಗ ನಾಡನ್ನೇ ನಗಿಸಿದ: ಪಕ್ಕದ ಸೀಮೆಯ ಬೀಚಿ ಕಥೆ

ಮೊಳಕಾಲ್ಮುರು: ರಾಂಪುರ ದಾಟಿದರೆ ಬಳ್ಳಾರಿ ಸೀಮೆ. ಈಗ ಬಸ್ಸಲ್ಲಿ ಕೂತವರಿಗೆ ಗಡಿ ದಾಟಿದ್ದೇ ಗೊತ್ತಾಗಲ್ಲ. ಆದರೆ 1953ರ ಅಕ್ಟೋಬರ್ 1ರವರೆಗೆ ಅದು ಬೇರೆ ರಾಜ್ಯ. ನಾವು ಮೈಸೂರು, ಅವರು ಮದ್ರಾಸು. ಆ ಕಡೆಯಿಂದ ಬಂದು ಕನ್ನಡಿಗರನ್ನೆಲ್ಲ ನಗಿಸಿದವರು ಬೀಚಿ.

ನಿಜವಾದ ಹೆಸರು ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ಆಡಿಕೊಂಡಿರಬೇಕಾದ ವಯಸ್ಸಿನಲ್ಲೇ ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಬೆಳೆದದ್ದು ಬಂಧುಗಳ ಆಸರೆಯಲ್ಲಿ. ಮುಂದೆ ಪೊಲೀಸ್ ಇಲಾಖೆಯಲ್ಲಿ ನೌಕರಿ ಸಿಕ್ಕಿತು.

ಆಗ ಅವರು ಓದುತ್ತಿದ್ದುದೆಲ್ಲ ಇಂಗ್ಲಿಷ್ ಪುಸ್ತಕ. ಕನ್ನಡದಲ್ಲಿ ಓದೋಕೆ ಏನಿದೆ ಅನ್ನೋ ಅಸಡ್ಡೆ. ಹೀಗಿರುವಾಗ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಕೈಗೆ ಬಂತು. ಓದಿ ಮುಗಿಸುವಷ್ಟರಲ್ಲಿ ಅಸಡ್ಡೆ ಕರಗಿತ್ತು. ಅ.ನ.ಕೃ. ಅವರನ್ನೇ ಗುರು ಅಂದುಕೊಂಡು ಬರೆಯೋಕೆ ಕೂತರು. ಹೆಸರಿನಲ್ಲೂ ಒಂದು ಚೇಷ್ಟೆ: ‘ಬೀ’ ಕನ್ನಡದ ಅಕ್ಷರ, ‘ಚಿ’ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ!

‘ದಾಸಕೂಟ’, ‘ಸರಸ್ವತಿ ಸಂಹಾರ’ದಂಥ ಕಾದಂಬರಿಗಳನ್ನು ಬರೆದರು. ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ತಟ್ಟನೆ ಉತ್ತರ ಕೊಟ್ಟರು. ಇದೆಲ್ಲಕ್ಕಿಂತ ಮನೆಮಾತಾದವನು ತಿಮ್ಮ. ಪೆದ್ದನ ಹಾಗೆ ಕಾಣ್ತಾನೆ, ಬಾಯಿ ಬಿಟ್ಟರೆ ಜಾಣರೇ ತಲೆ ತಗ್ಗಿಸಬೇಕು.

ತಮ್ಮ ಕಥೆ ಬರೆಯುವಾಗಲೂ ಬೀಚಿ ಅಳುತ್ತಾ ಕೂರಲಿಲ್ಲ. ಪುಸ್ತಕದ ಹೆಸರೇ ‘ನನ್ನ ಭಯಾಗ್ರಫಿ’. ತಬ್ಬಲಿ ಹುಡುಗನ ಮೇಲೆ ಓದುಗ ಕನಿಕರ ಪಡಲಿ ಅಂತ ಕಾಯದೆ, ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ಪೊಲೀಸ್ ಇಲಾಖೆಯ ನೌಕರಿ ನೆಚ್ಚಿಕೊಂಡವರು, ಊರಿನ ಡಂಭಾಚಾರ, ಮಡಿವಂತಿಕೆ, ಲಂಚವನ್ನೂ ಬಿಡಲಿಲ್ಲ.

ಬೀಚಿ ತೀರಿಕೊಂಡಿದ್ದು 1980ರ ಡಿಸೆಂಬರ್ 7ರಂದು. ಅವರ ಹರಪನಹಳ್ಳಿ ಆಮೇಲೆ ಬಳ್ಳಾರಿ ಬಿಟ್ಟು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ತಿರುಗಿ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಕೂತಲ್ಲೇ ಇಷ್ಟು ಊರು ಸುತ್ತಿದ ಊರು ತಿಮ್ಮನ ಕಣ್ಣಿಗೆ ಬಿದ್ದಿದ್ದರೆ ಸುಮ್ಮನೆ ಬಿಡ್ತಿದ್ದನೇ?

ಗಂಗಾವತಿ ಪ್ರಾಣೇಶ್ ಹಾಸ್ಯಸಂಜೆಗಳಲ್ಲಿ ಬೀಚಿಯನ್ನು ನೆನೆಯುತ್ತಲೇ ಇರ್ತಾರೆ. ಜೋಕು ಮೊಬೈಲಿನಲ್ಲಿ ಓಡಾಡ್ತವೆ, ಪುಸ್ತಕ ಮಾತ್ರ ಕಪಾಟಿನಲ್ಲೇ ಉಳಿದಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ, ಅಮ್ಮ ಗುಳೆ ಹೋಗಿ, ಅಜ್ಜಿ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಓದೋ ಮಕ್ಕಳು ಚಳ್ಳಕೆರೆ, ಮೊಳಕಾಲ್ಮುರು ಕಡೆ ಎಷ್ಟೋ ಮಂದಿ. ಆ ಮಕ್ಕಳ ಕೈಗೆ ಬೀಚಿಯ ಒಂದು ಪುಸ್ತಕ ಕೊಡಿ. ಇಂಥದ್ದೇ ಬಾಲ್ಯ ಕಳೆದವನೊಬ್ಬ ಊರಿಗೆಲ್ಲ ನಗು ಹಂಚಿದ ಅನ್ನೋದು ಅವರಿಗೂ ಗೊತ್ತಾಗಲಿ.